ಮುಖ ನೋಡಿ ಸಾಕಾಗಿದೆ ನಿಜ, ಕೆಲಸ ಯಾವಾಗ ನೋಡಿದ್ದೇವೆ?

ಮಾನ್ಯ ಸಂಪಾದಕರೇ,

ಹಳೆಯ ಕಾಲದ ವಿದೇಶಿ ಟಿವಿ ಧಾರಾವಾಹಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ರಾಜಕಾರಣಿಗಳ ದಿನನಿತ್ಯದ ಕೆಲಸದ ಮೇಲೆ ಬಂದ ಧಾರಾವಾಹಿಗಳ ಮಾತೂ ಅದರಲ್ಲಿತ್ತು. ಮುಂದಿನ ವಾರ ಓದುಗರೊಬ್ಬರು ಅದಕ್ಕೆ ಪತ್ರ ಬರೆದು, 'ಬೆಳಗಿನಿಂದ ರಾತ್ರಿವರೆಗೆ ನ್ಯೂಸ್ ಚಾನೆಲ್‌ನಲ್ಲಿ ಇವರ ಮುಖ ನೋಡಿ ಸಾಕಾಗಿದೆ, ಇನ್ನು ಧಾರಾವಾಹಿಯಲ್ಲೂ ಇವರೇ ಬೇಕಾ?' ಎಂದು ಕೇಳಿದ್ದರು. ಓದಿ ನಗು ಬಂತು. ಆದರೆ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಮುಖ ನೋಡಿದ್ದೇವೆ, ಒಪ್ಪಿದೆ. ಅವರು ಮಾಡುವ ಕೆಲಸವನ್ನು ಯಾವ ಟಿವಿಯಲ್ಲಿ, ಯಾವಾಗ ನೋಡಿದ್ದೇವೆ, ಹೇಳಿ?

ನಾನು ಬಾಗಲಕೋಟೆ ಜಿಲ್ಲೆಯ ಶಾಸಕರೊಬ್ಬರ ಹತ್ತಿರ ಬಹಳ ವರ್ಷ ಆಪ್ತ ಸಹಾಯಕನಾಗಿದ್ದವನು. ಜನರ ಬಾಯಲ್ಲಿ 'ಪಿ.ಎ. ಸಾಹೇಬ್ರು'. ನಮ್ಮ ಸಾಹೇಬರ ಹೆಸರು ಇಲ್ಲಿ ಬೇಡ, ಪಕ್ಷವಂತೂ ಬೇಡವೇ ಬೇಡ. ಹೇಳಿದರೆ ಓದುವವರಲ್ಲಿ ಅರ್ಧ ಜನ ಇಲ್ಲಿಗೇ ಪೇಪರ್ ಮಡಚಿಡುತ್ತಾರೆ.

ನಿಮ್ಮ ಲೇಖಕರು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ 'ದಿ ಸೆನೆಟರ್' ಎಂಬ ಅಮೆರಿಕದ ಧಾರಾವಾಹಿಯನ್ನು ನಾನು ಪೂರ್ತಿ ನೋಡಿದ್ದೇನೆ. ಸೆನೆಟರ್ ಅಂದರೆ ಅವರ ಸಂಸತ್ತಿನ ಮೇಲ್ಮನೆಯ ಸದಸ್ಯ. 2015ರಲ್ಲಿ ಅದರ ಡಿವಿಡಿ ಬಂತು. ಅಮೆರಿಕದಲ್ಲಿರುವ ಅಳಿಯ ರಜೆಗೆ ಬಂದಾಗ ತಂದುಕೊಟ್ಟ. 'ಮಾವಾ, ಇದು ನಿಮ್ಮ ಆಫೀಸಿನ ಕಥೆ' ಎಂದ. ಅವರ ಇಂಗ್ಲಿಷ್ ಓಟಕ್ಕೆ ನಾನು ಸಾಲಲಿಲ್ಲ. ಮಗಳು ಅಲ್ಲಲ್ಲಿ ನಿಲ್ಲಿಸಿ ಹೇಳುತ್ತಿದ್ದಳು.

ಇದು ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 1970ರ ಸೆಪ್ಟೆಂಬರ್‌ನಿಂದ 1971ರ ಮಾರ್ಚ್‌ವರೆಗೆ ಬಂತು. 'ದಿ ಬೋಲ್ಡ್ ಒನ್ಸ್' ಎಂಬ ಒಂದೇ ಹೆಸರಿನ ಕೆಳಗೆ ಡಾಕ್ಟರುಗಳ ಕಥೆ, ವಕೀಲರ ಕಥೆ, ಈ ಸೆನೆಟರ್ ಕಥೆ ಸರದಿ ಮೇಲೆ ಬರುತ್ತಿದ್ದವು. ಆ ಹೊತ್ತಿಗೆ ನಮ್ಮ ಕಡೆ ಟಿವಿ ಅಂದರೇನು ಅಂತಲೇ ಗೊತ್ತಿರಲಿಲ್ಲ. 1975ರಲ್ಲಿ ಸೈಟ್ (SITE) ಎಂಬ ಉಪಗ್ರಹ ಟಿವಿ ಪ್ರಯೋಗ ಬಂದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದಿಂದ ಚಿತ್ರ ಇಳಿಯಿತಲ್ಲ, ನಮ್ಮ ಕಡೆಯವರು ಟಿವಿ ಎಂಬುದನ್ನು ಕಂಡಿದ್ದು ಆಗಲೇ.

ಸೆನೆಟರ್ ಹೇಸ್ ಸ್ಟೋವ್ ಪಾತ್ರ ಮಾಡಿದವರು ಹಾಲ್ ಹಾಲ್‌ಬ್ರೂಕ್. 2021ರ ಜನವರಿಯಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡರು. ಧಾರಾವಾಹಿಗೂ ಮೊದಲು 1970ರ ಮಾರ್ಚ್‌ನಲ್ಲಿ ಒಂದು ಟಿವಿ ಸಿನಿಮಾ ಬಂದಿತ್ತು. ಅದರಲ್ಲಿ ಸ್ಟೋವ್ ಇನ್ನೂ ಸೆನೆಟರ್ ಆಗಿಲ್ಲ, ಸೆನೆಟರ್ ಒಬ್ಬರ ಮಗ. ಕಾರ್ಖಾನೆ ಹೊಗೆಯಿಂದ ಶ್ವಾಸಕೋಶ ಕೆಟ್ಟು ಪರಿಚಯದವರೊಬ್ಬರು ಸಾಯುತ್ತಾರೆ, ಇವನು ಗಾಳಿ ಮಾಲಿನ್ಯದ ವಿಷಯ ಹಿಡಿದು ಹೊರಡುತ್ತಾನೆ. ಅಪ್ಪನ ಕುರ್ಚಿಗೆ ಮಗ ಬರುವುದು ನಮ್ಮಲ್ಲಿ ಮಾತ್ರ ಅಂದುಕೊಂಡವರು ಗಮನಿಸಬೇಕು. ಆಮೇಲೆ ಬಂದದ್ದು ಎಂಟೇ ಕಂತು. ಅಷ್ಟಕ್ಕೇ ಐದು ಎಮ್ಮಿ, ಅಂದರೆ ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿ, ಸಿಕ್ಕವು. ಆ ವರ್ಷದ ಅತ್ಯುತ್ತಮ ಧಾರಾವಾಹಿ ಅದೇ, ಅತ್ಯುತ್ತಮ ನಟ ಹಾಲ್‌ಬ್ರೂಕ್. ಇಷ್ಟೆಲ್ಲ ಆದರೂ ಎರಡನೇ ವರ್ಷ ಧಾರಾವಾಹಿ ಇಲ್ಲ! ನೋಡುವವರು ಸಾಲಲಿಲ್ಲ ಅಂತ ನಿಲ್ಲಿಸಿಬಿಟ್ಟರು. ಟಿಆರ್‌ಪಿ ಪೀಡೆ ಇಂದಿನದಲ್ಲ ಅಂತಾಯಿತು.

ಅದರಲ್ಲಿ ನನಗೆ ಹಿಡಿಸಿದ್ದು ಸೆನೆಟರ್ ಭಾಷಣ ಅಲ್ಲ. ಭಾಷಣ ಇಲ್ಲಿ ಬೇಕಾದಷ್ಟು ಕೇಳಿದ್ದೇನೆ, ಕೆಲವನ್ನು ನಾನೇ ಬರೆದುಕೊಟ್ಟಿದ್ದೇನೆ. ಹಿಡಿಸಿದ್ದು ಆ ಮನುಷ್ಯ ಕೆಲಸ ಮಾಡುವುದನ್ನು ತೋರಿಸಿದ ರೀತಿ. ಅವನಿಗೂ ಒಬ್ಬ ಸಹಾಯಕ ಇದ್ದಾನೆ, ಜೋರ್ಡನ್ ಬಾಯ್ಲ್ ಅಂತ. ನನ್ನ ಕಣ್ಣು ಪೂರ್ತಿ ಅವನ ಮೇಲೇ ಇತ್ತು. ಯಾರನ್ನು ಒಳಗೆ ಬಿಡಬೇಕು, ಯಾರಿಗೆ 'ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ' ಅನ್ನಬೇಕು ಅನ್ನುವ ಕಷ್ಟ ವಾಷಿಂಗ್ಟನ್‌ನಲ್ಲೂ ಒಂದೇ, ನಮ್ಮ ಬಾಗಲಕೋಟೆಯ ನವನಗರದಲ್ಲೂ ಒಂದೇ.

ಈಗ ನಮ್ಮ ಕಡೆಯ ಒಂದು ಬೆಳಗು ಹೇಳುತ್ತೇನೆ. ಏಳು ಗಂಟೆಗೆಲ್ಲ ಸಾಹೇಬರ ಮನೆ ಮುಂದಿನ ಕಟ್ಟೆ ತುಂಬಿರುತ್ತಿತ್ತು. 'ಯಪ್ಪಾ, ನಮ್ಮ ಹೊಲದ ಟಿ.ಸಿ. (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟೈತ್ರಿ, ಕಬ್ಬು ಒಣಗಾಕತ್ತೈತ್ರಿ' ಅನ್ನುವ ರೈತ. ಮಗಳಿಗೆ ಹಾಸ್ಟೆಲ್ ಸೀಟು ಬೇಕು ಅನ್ನುವ ತಾಯಿ. ವರ್ಗಾವಣೆ ಕೇಳುವ ಮೇಷ್ಟ್ರು. ವರ್ಗಾವಣೆ ತಪ್ಪಿಸಿ ಅನ್ನುವ ಇನ್ನೊಬ್ಬ ಮೇಷ್ಟ್ರು. ತಮಾಷೆ ಅಂದರೆ ಇಬ್ಬರೂ ಕೇಳುತ್ತಿದ್ದದ್ದು ಒಂದೇ ಶಾಲೆ. ಪೊಲೀಸ್ ಠಾಣೆಗೆ ಒಂದು ಮಾತು ಹೇಳಿ ಅನ್ನುವವರು. ಜಾತ್ರೆ ಪಟ್ಟಿಯವರು. ಮದುವೆ ಕಾರ್ಡಿನವರಂತೂ ಸರಿಯೇ ಸರಿ, ಕಾರ್ಡು ಕೊಟ್ಟು 'ಸಾಹೇಬ್ರು ಬರ್ದಿದ್ರ ಅಕ್ಕಿಕಾಳ ಹಾಕೂದಿಲ್ಲ ನೋಡ್ರಿ' ಅಂತ ಎಚ್ಚರಿಕೆ ಬೇರೆ. ಮೇ ತಿಂಗಳಲ್ಲಿ ಒಂದೇ ದಿನ ಹತ್ತಾರು ಮದುವೆ. ಎಲ್ಲ ಕಡೆ ಬೂಂದಿ ಬಾಯಿಗೆ ಹಾಕಲೇಬೇಕು. ಸಾಹೇಬರಿಗೆ ಸಕ್ಕರೆ ಕಾಯಿಲೆ ಬೇರೆ.

ಪತ್ರ ಕೊಡುವುದರಲ್ಲೂ ಒಂದು ಲೆಕ್ಕ ಇದೆ, ಹೊರಗಿನವರಿಗೆ ಇದು ಗೊತ್ತಿಲ್ಲ. ಲೆಟರ್‌ಹೆಡ್ ಮೇಲೆ 'ಮನವಿಯನ್ನು ನಿಯಮಾನುಸಾರ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ಕೋರಿದೆ' ಅಂತ ಬರೆದು ಕೊಟ್ಟರೆ ಒಯ್ದವನಿಗೆ ಖುಷಿ. ಆದರೆ ಆ ಪತ್ರ ಮುಟ್ಟುವ ಅಧಿಕಾರಿಗೆ ಗೊತ್ತು, ಹಿಂದೆಯೇ ಫೋನು ಬರದಿದ್ದರೆ ಅದು ಫೈಲಿನಲ್ಲಿ ಇಡುವ ಪತ್ರ. ಬಂದವರಿಗೆಲ್ಲ ಪತ್ರ ಸಿಗುತ್ತಿತ್ತು. ಫೋನು ಕೆಲವರಿಗೆ ಮಾತ್ರ. ಆ ಕೆಲವರು ಯಾರು ಅನ್ನುವುದರಲ್ಲೇ ಶಾಸಕನ ಗುಣ ಗೊತ್ತಾಗುತ್ತದೆ. ಇದನ್ನು ಯಾವ ನ್ಯೂಸ್ ಚಾನೆಲ್ ತೋರಿಸಿದೆ? ತೋರಿಸುವುದಕ್ಕೆ ಆಗುವುದೂ ಇಲ್ಲ. ಕ್ಯಾಮೆರಾ ಬಂದ ಕೂಡಲೇ ಎಲ್ಲರಿಗೂ ಫೋನು ಹೋಗುತ್ತದೆ! ಕಥೆಯಲ್ಲಿ ಮಾತ್ರ ಇದನ್ನು ಇದ್ದಂಗೇ ತೋರಿಸಬಹುದು.

ಇನ್ನು ಸದನದ ಕೆಲಸ. ನಮ್ಮ ಕ್ಷೇತ್ರದಲ್ಲಿ ಕಾಲುವೆಯ ತುದಿಯ ಹಳ್ಳಿಗಳಿಗೆ ನೀರು ಮುಟ್ಟುತ್ತಿರಲಿಲ್ಲ. ಮೇಲಿನವರು ಪೈಪು ಹಾಕಿ ಎಳೆದುಕೊಳ್ಳುತ್ತಿದ್ದರು, ಕೆಳಗಿನವರು ಖಾಲಿ ಕಾಲುವೆಯಲ್ಲಿ ಎಮ್ಮೆ ಕಟ್ಟುತ್ತಿದ್ದರು. ಬೆಳಗಾವಿ ಅಧಿವೇಶನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲಿ ಎದ್ದು ಬಾಯಿಮಾತಿನಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆ) ಹಾಕೋಣ ಎಂದರು ಸಾಹೇಬರು. ನಾನು ರೂಢಿಯಂತೆ ಬರೆದೆ: 'ಕಾಲುವೆಯ ಕೊನೆ ಭಾಗಕ್ಕೆ ನೀರು ತಲುಪದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?' ಸಾಹೇಬರು ಓದಿ ಪೆನ್ನು ಕೆಳಗಿಟ್ಟು, 'ಇದಕ್ಕ ಉತ್ತರ ನಾನೇ ಹೇಳ್ತೀನಿ ಕೇಳು. ಬಂದಿದೆ, ಪರಿಶೀಲನೆಯಲ್ಲಿದೆ. ಮುಗೀತು' ಎಂದರು. ಮತ್ತೆ ಕೂತೆವು. ಯಾವ ವಿತರಣಾ ಕಾಲುವೆ, ಎಷ್ಟನೇ ಕಿಲೋಮೀಟರ್‌ನಿಂದ ಮುಂದೆ ನೀರಿಲ್ಲ, ಕಾಗದದ ಮೇಲೆ ಎಷ್ಟು ಎಕರೆ, ಹಿಂದಿನ ಹಂಗಾಮಿನಲ್ಲಿ ನಿಜವಾಗಿ ನೀರುಂಡದ್ದು ಎಷ್ಟು ಎಕರೆ, ತಿಂಗಳುವಾರು ವಿವರ ಕೊಡುವುದು. 'ಪರಿಶೀಲನೆಯಲ್ಲಿದೆ' ಅಂತ ಹೇಳಿ ಜಾರಿಕೊಳ್ಳಲು ಎಲ್ಲೂ ಜಾಗ ಬಿಡಲಿಲ್ಲ. ಅಷ್ಟು ಬರೆಯಲು ನಾನು ನೀರಾವರಿ ಇಲಾಖೆಯ ಹಳೆಯ ರಿಜಿಸ್ಟರ್ ಹುಡುಕಿದೆ, ಆ ಹಳ್ಳಿಗಳ ಹಿರಿಯರ ಹತ್ತಿರ ಕೂತೆ.

ಸುವರ್ಣಸೌಧದಲ್ಲಿ ನಮ್ಮ ಪ್ರಶ್ನೆಯ ದಿನ ಬಂತು. ಬೇರೆ ಯಾವುದೋ ವಿಷಯಕ್ಕೆ ಎರಡೂ ಕಡೆಯವರು ಸದನದ ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಇಳಿದರು. ಗದ್ದಲ, ಸದನ ಮುಂದಕ್ಕೆ. ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಿಗಲಿಲ್ಲ, ಲಿಖಿತ ಉತ್ತರ ಮಂಡಿಸಿದರು. ಸಂಜೆ ಟಿವಿಯಲ್ಲಿ ಗದ್ದಲವೇ ಗದ್ದಲ. ಊರಿಗೆ ಬಂದರೆ ಕಟ್ಟೆ ಮೇಲಿನವರು, 'ಏನ್ರಿ, ಸಾಹೇಬ್ರು ಟಿವ್ಯಾಗ ಕಾಣಲೇ ಇಲ್ಲಲ್ರಿ' ಎಂದು ಕೇಳಿದರು. ಆದರೆ ಆ ಲಿಖಿತ ಉತ್ತರದ ಹಾಳೆ ಇತ್ತಲ್ಲ, ಅದರಲ್ಲಿ ಇಲಾಖೆ ತನ್ನ ಕೈಯಾರೆ ಬರೆದ ಅಂಕಿಗಳಿದ್ದವು. ಮುಂದೆ ನೀರಾವರಿ ಸಲಹಾ ಸಮಿತಿ ಸಭೆಗೆ ಸಾಹೇಬರು ಅದೇ ಹಾಳೆ ಒಯ್ದರು. ಎಂಜಿನಿಯರ್ ಮಾತಾಡಲು ಎದ್ದಾಗಲೆಲ್ಲ ಹಾಳೆ ತೋರಿಸಿದರು. ಆ ವರ್ಷ ತುದಿಗೆ ನೀರು ಹೋಯಿತು. ಪೂರ್ತಿ ಹಂಗಾಮು ಅಲ್ಲ, ಆದರೂ ಹೋಯಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಚುನಾವಣೆಯಲ್ಲಿ ಅದೇ ಹಳ್ಳಿಗಳ ಬೂತಿನಲ್ಲಿ ನಮಗೆ ಮತ ಕಡಿಮೆ ಬಿತ್ತು. ಕಾರಣ ಕೇಳಿದರೆ, ಸಾಹೇಬರು ಒಬ್ಬರ ಮನೆಯ ಜಾವಳಕ್ಕೆ ಹೋಗಿರಲಿಲ್ಲವಂತೆ!

ನಾನು ಹೇಳಬೇಕೆಂದಿರುವುದು ಇಷ್ಟೇ. ಜಾವಳಕ್ಕೆ ಬರದಿದ್ದರೆ ಸಿಟ್ಟಾಗುವ ಜನ ಪ್ರಶ್ನೆ ಕೇಳದಿದ್ದರೆ ಯಾಕೆ ಸಿಟ್ಟಾಗುವುದಿಲ್ಲ? ಅಂಥದ್ದೊಂದು ಕೆಲಸ ಇದೆ ಅಂತ ಅವರಿಗೆ ಯಾರೂ ತೋರಿಸಿಯೇ ಇಲ್ಲ. ಅರ್ಜಿಗಳ ಸಮಿತಿ, ಸರ್ಕಾರಿ ಭರವಸೆಗಳ ಸಮಿತಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಂತ ಇವೆ, ಅಲ್ಲಿ ಬಾಗಿಲು ಹಾಕಿಕೊಂಡು ಅಧಿಕಾರಿಗಳನ್ನು ಗಂಟೆಗಟ್ಟಲೆ ಕೂರಿಸಿ ಕೇಳುತ್ತಾರೆ. ಎಷ್ಟು ಜನರಿಗೆ ಗೊತ್ತು? ವಿಧಾನಸಭೆಗೆ 224 ಜನರನ್ನು ಕಳಿಸುತ್ತೇವೆ, ಅವರು ಅಲ್ಲಿ ಮಾಡುವುದೇನು ಅಂತ ಒಂದು ಪಾಠ ಹೈಸ್ಕೂಲಿನಲ್ಲಿ ಓದಿ ಮರೆತಿದ್ದೇವೆ. ಗೊತ್ತಿಲ್ಲದ ಕೆಲಸವನ್ನು ಕೇಳುವುದಾದರೂ ಹೇಗೆ? ಅದಕ್ಕೇ ಗೊತ್ತಿರುವುದನ್ನು ಕೇಳುತ್ತೇವೆ, ಅಕ್ಕಿಕಾಳು ಹಾಕಲು ಬನ್ನಿ ಅಂತ. ಶಾಸಕರೂ ಜಾಣರು, ಕೇಳಿದ್ದನ್ನು ಕೊಡುತ್ತಾರೆ.

'ದಿ ಸೆನೆಟರ್'ನ ಕೆಲವು ಕಂತುಗಳ ಬಗ್ಗೆ ಹೇಳಲೇಬೇಕು. ಒಂದರ ಹೆಸರು 'ಜಾರ್ಜ್ ವಾಷಿಂಗ್ಟನ್ ಟೋಲ್ಡ್ ಎ ಲೈ', ಅಂದರೆ ಜಾರ್ಜ್ ವಾಷಿಂಗ್ಟನ್ ಸುಳ್ಳು ಹೇಳಿದ ಅಂತ. ಒಂದು ಅಣೆಕಟ್ಟು ಬರುತ್ತಿದೆ, ಅಲ್ಲಿನ ಮೂಲನಿವಾಸಿಗಳ ನೆಲ ಮುಳುಗುತ್ತದೆ, ಸೆನೆಟರ್ ನಡುವೆ ಸಿಕ್ಕಿಕೊಂಡಿದ್ದಾನೆ. ಇದು ಪೂರ್ತಿ ಕಟ್ಟುಕಥೆ ಅಂದುಕೊಳ್ಳಬೇಡಿ. ಅವರಲ್ಲಿ ಇಂಥದ್ದು ನಿಜವಾಗಿ ನಡೆದಿತ್ತು. ಪೆನ್ಸಿಲ್ವೇನಿಯಾದಲ್ಲಿ 1960ರಿಂದ 1965ರೊಳಗೆ ಕಿಂಜುವಾ ಅಣೆಕಟ್ಟು ಕಟ್ಟಿದರು. ಸೆನೆಕಾ ಜನರ ಸುಮಾರು 10,000 ಎಕರೆ ಹಿನ್ನೀರಿಗೆ ಹೋಯಿತು. 1794ರಲ್ಲಿ, ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ, ಈ ನೆಲ ನಿಮ್ಮದೇ ಅಂತ ಬರೆದುಕೊಟ್ಟ ಒಪ್ಪಂದ ಇತ್ತು. ಅದನ್ನು ಬದಿಗಿಟ್ಟರು.

ಬಾಗಲಕೋಟೆಯವನು ಆ ಕಂತನ್ನು ಹೇಗೆ ನೋಡಿರಬೇಕು, ನೀವೇ ಊಹಿಸಿ. ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕೈಯಿಂದ. 2000ದಲ್ಲಿ ಸುಪ್ರೀಂ ಕೋರ್ಟ್ ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ ನೀರು ನಿಲ್ಲಿಸಬಹುದು ಎಂದಿತು. ಘಟಪ್ರಭೆಯ ದಂಡೆಯ ನಮ್ಮ ಹಳೇ ಊರಿನ ತಗ್ಗಿನ ಓಣಿಗಳು ಹಿನ್ನೀರಿಗೆ ಹೋದವು. ನಮ್ಮ ಮನೆಯೂ ಅದರಲ್ಲಿ ಒಂದು. ಮುಳುಗಡೆಯವರಿಗೆ ಅಂತ ಕಟ್ಟಿದ ನವನಗರದಲ್ಲಿದ್ದೇವೆ. ಈಗ ನಮ್ಮ ವಿಳಾಸದಲ್ಲಿ ಓಣಿಯ ಹೆಸರಿಲ್ಲ, ಸೆಕ್ಟರ್ ನಂಬರ್ ಇದೆ. 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ಗೆ ಒಪ್ಪಿದ ಮೇಲೆ ಇನ್ನಷ್ಟು ಹಳ್ಳಿಗಳ ಜನ 'ಯಾವಾಗ, ಎಷ್ಟು' ಅಂತ ಕಾಯುತ್ತಲೇ ಇದ್ದಾರೆ. ಇಲ್ಲಿ ಮನೆ ಕಟ್ಟಲೋ ಬೇಡವೋ, ಬೋರು ಹಾಕಲೋ ಬೇಡವೋ ಅಂತ ತಿಳಿಯದೆ ಕೂತ ಜನ.

ಪರಿಹಾರದ ಕಾಲದಲ್ಲಿ ಒಬ್ಬ ಅಜ್ಜಿ ನಮ್ಮ ಆಫೀಸಿಗೆ ಬರುತ್ತಿದ್ದಳು. ಅರಿವೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ. ಭೂಸ್ವಾಧೀನದ ನೋಟಿಸು ಮಡಚಿ ಮಡಚಿ ನಾಲ್ಕು ತುಂಡಾಗಿತ್ತು, ಹಿಂದೆ ಸೆಲೋಟೇಪ್ ಹಚ್ಚಿದ್ದಳು. ಆ ಟೇಪೂ ಹಳದಿ ಆಗಿತ್ತು. ಮನೆ ಗಂಡನ ಹೆಸರಲ್ಲಿ, ಗಂಡ ತೀರಿಕೊಂಡಿದ್ದ, ವಾರಸಾ ಆಗಿಲ್ಲ. ನೋಟಿಸಿನಲ್ಲಿ ಗಂಡನ ಹೆಸರಿನ ಒಂದು ಅಕ್ಷರ ತಪ್ಪು. ಅದೊಂದು ಅಕ್ಷರ ತಿದ್ದಿಸಲು ಗ್ರಾಮಲೆಕ್ಕಿಗರಿಂದ ಹಿಡಿದು ಮೇಲಿನವರೆಗೆ ಎಷ್ಟು ಟೇಬಲ್ ಹತ್ತಿ ಇಳಿಯಬೇಕಾಯಿತು ಅಂತ ಬರೆದರೆ ನಿಮ್ಮ ಪುಟ ಸಾಲುವುದಿಲ್ಲ. ಸಾಹೇಬರು ಅಣೆಕಟ್ಟಿನ ಪರ. ನೀರು ಬಂದರೆ ವಿಜಯಪುರ, ಬಾಗಲಕೋಟೆ ಹಸಿರಾಗುತ್ತದೆ ಅಂತ ವೇದಿಕೆ ಮೇಲೆ ಹೇಳುತ್ತಿದ್ದವರು, ಮನಸಾರೆ ಹೇಳುತ್ತಿದ್ದವರು. ಅದೇ ಮನುಷ್ಯ ಈ ಅಜ್ಜಿ ಎದುರಿಗೆ ಬಂದಾಗ ಕಾಗದ ಕೈಗೆ ತಗೊಂಡು ಓದುತ್ತಿದ್ದ ಹಾಗೆ ಮಾಡುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. ಆ ಎರಡೂ ಒಬ್ಬನೇ ಮನುಷ್ಯನಲ್ಲಿ ಇರುತ್ತವೆ. ಧಾರಾವಾಹಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಾ?

ಇನ್ನೊಂದು ಕಂತು ಒಬ್ಬ ಮುದಿ ಸೆನೆಟರ್‌ನದು. ವಿಲ್ ಗೀರ್ ಮಾಡಿದ್ದಾರೆ. ದೊಡ್ಡ ಹುದ್ದೆ, ದೊಡ್ಡ ಹೆಸರು, ಆದರೆ ನೆನಪು ಕೈಕೊಡುತ್ತಿದೆ. ಸುತ್ತಲಿನವರಿಗೆ ಗೊತ್ತು, ಹೇಳುವವರು ಯಾರು? ನೋಡುವಾಗ ನಮ್ಮ ಕಡೆಯ ಒಂದಿಬ್ಬರು ಹಿರಿಯರು ಕಣ್ಣ ಮುಂದೆ ಬಂದರು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿದ್ದರ ವಿಚಾರಣೆಯ ಕಥೆ ಎರಡು ಭಾಗದಲ್ಲಿದೆ. ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತದ್ದು 1970ರ ಮೇ 4ರಂದು. ಅದೇ ವರ್ಷ ಇದು ಟಿವಿಯಲ್ಲಿ ಬಂತು. ಆ ಧೈರ್ಯಕ್ಕೆ ನಮಸ್ಕಾರ.

ಈಗ ನಮ್ಮ ಕನ್ನಡ ಧಾರಾವಾಹಿಯ ರಾಜಕಾರಣಿಯನ್ನು ನೋಡಿ. ಬಿಳಿ ಅಂಗಿ, ಹಣೆಗೆ ಕುಂಕುಮ, ಕೊರಳಲ್ಲಿ ಬೆರಳು ದಪ್ಪದ ಸರ, ಹಿಂದೆ ನಾಲ್ಕು ಜನ ದಾಂಡಿಗರು. ಬಾಗಿಲಲ್ಲಿ ಬಂದ ಕೂಡಲೇ ಮೂರು ಸಲ ಮುಖ ತೋರಿಸಿ ಢಂ ಢಂ ಅನ್ನುತ್ತಾರೆ. ಅವನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ, ಯಾವ ಸಭೆಗೂ ಹೋಗುವುದಿಲ್ಲ. ನಾಯಕಿಯ ಅಪ್ಪನ ಜಮೀನು ಹೊಡೆಯುವುದೊಂದೇ ಅವನ ಉದ್ಯೋಗ. ಅಂಥವರು ಇಲ್ಲ ಅಂತ ನಾನು ಹೇಳಿದರೆ ನಗುತ್ತೀರಿ. ಇದ್ದಾರೆ. ಅವರ ಕಳ್ಳತನವೂ ಸಹಿಯಲ್ಲೇ, ಟೆಂಡರಿನಲ್ಲೇ, ಸಭೆಯ ನಡಾವಳಿಯಲ್ಲೇ ನಡೆಯುತ್ತದೆ ಸ್ವಾಮಿ, ದಾಂಡಿಗರಿಂದ ಅಲ್ಲ. ಕೆಲಸ ಗೊತ್ತಿಲ್ಲದವನಿಗೆ ಕಳ್ಳತನವೂ ಕಾಣುವುದಿಲ್ಲ.

ನೋಡುವವರು ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಕೋರ್ಟು ದೃಶ್ಯ ಬಂದರೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ನಿಲ್ಲುತ್ತಿತ್ತು. ಕೋರ್ಟಿನ ವಾದವನ್ನು ಜನ ಅಷ್ಟು ಇಷ್ಟಪಟ್ಟು ನೋಡಿದರು ಅಂದರೆ ಸಮಿತಿ ಸಭೆಯನ್ನೂ ನೋಡುತ್ತಾರೆ, ಬರೆಯುವವರು ಬರೆಯಬೇಕು ಅಷ್ಟೇ. ಇಂಗ್ಲೆಂಡಿನವರು 1980ರಲ್ಲಿ 'ಯೆಸ್ ಮಿನಿಸ್ಟರ್' ಮಾಡಿ ಮಂತ್ರಿ ಮತ್ತು ಕಾರ್ಯದರ್ಶಿ ನಡುವಿನ ಕಾಗದದ ಜಗಳದಿಂದಲೇ ಜಗತ್ತನ್ನು ನಗಿಸಿದರು. ಅದನ್ನೇ ಹಿಂದಿಯಲ್ಲಿ 2001ರಲ್ಲಿ ಫಾರೂಕ್ ಶೇಖ್ ಇಟ್ಟುಕೊಂಡು 'ಜೀ ಮಂತ್ರೀಜಿ' ಮಾಡಿದರು. ಕನ್ನಡದಲ್ಲಿ ಶಾಸಕನ ಆಫೀಸನ್ನೇ ನಡುಮನೆ ಮಾಡಿಕೊಂಡ ಧಾರಾವಾಹಿ ಯಾಕೆ ಬೇಡ?

ಕಥೆ ಹುಡುಕಲು ಬೆಂಗಳೂರಿಗೆ ಹೋಗುವುದೂ ಬೇಡ. ನಮ್ಮ ಜಮಖಂಡಿ ತಾಲ್ಲೂಕನ್ನೇ ತಗೊಳ್ಳಿ. ಸಾವಳಗಿಯ ಬಿ.ಡಿ. ಜತ್ತಿಯವರು ಜಮಖಂಡಿ ಪುರಸಭೆಯಿಂದ ಶುರು ಮಾಡಿ 1958ರಲ್ಲಿ ಮುಖ್ಯಮಂತ್ರಿಯಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದರು. ಚರಂಡಿಯ ಅರ್ಜಿಯಿಂದ ರಾಷ್ಟ್ರಪತಿ ಭವನದ ಫೈಲಿನವರೆಗೆ ಎಲ್ಲ ಕಾಗದ ನೋಡಿದ ಮನುಷ್ಯ. ಇಲ್ಲವೇ ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಹಾಕಿ, ಬೆವರು ಸುರಿಸಿ ಕಟ್ಟಿದ ಬ್ಯಾರೇಜು, ಶ್ರಮಬಿಂದು ಸಾಗರ. ಅದರ ಮುಂದಾಳು ಸಿದ್ದು ನ್ಯಾಮಗೌಡರು. ಜನ ಅವರನ್ನು ಬ್ಯಾರೇಜ್ ಸಿದ್ದು ಅಂತಲೇ ಕರೆದರು. 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರಂಥವರನ್ನು ಸೋಲಿಸಿ ಕೇಂದ್ರದಲ್ಲಿ ಮಂತ್ರಿಯಾದರು. ಊರೂರು ತಿರುಗಿ ರೈತರಿಂದ ವಂತಿಗೆ ಎತ್ತುವುದು, ಲೆಕ್ಕ ಇಡುವುದು, ಸಿಮೆಂಟಿಗೆ ಓಡಾಡುವುದು, ಮಳೆಗಾಲದ ಮೊದಲು ಕೆಲಸ ಮುಗಿಸುವ ಧಾವಂತ: ಇದರಲ್ಲೇ ಒಂದು ವರ್ಷದ ಕಂತುಗಳಿವೆ. ಅತ್ತೆ ಪಾಯಸಕ್ಕೆ ವಿಷ ಹಾಕುವ ಅಗತ್ಯವೇ ಬೀಳುವುದಿಲ್ಲ.

ಚಾನೆಲ್‌ನವರ ಹೆದರಿಕೆ ನನಗೆ ಗೊತ್ತು. ಯಾವ ಪಕ್ಷ ಅಂತ ಜನ ಕೇಳುತ್ತಾರೆ, ಯಾವ ಜಾತಿ ಅಂತ ಅದಕ್ಕೂ ಮೊದಲೇ ಕೇಳುತ್ತಾರೆ, ಯಾರೋ ಒಬ್ಬರು ಇದು ನನ್ನನ್ನೇ ನೋಡಿ ಮಾಡಿದ್ದು ಅಂತ ಕೇಸು ಹಾಕುತ್ತಾರೆ. ಹಾಕಲಿ. ಸಾಸಿವೆಗೆ ಹೆದರಿ ಒಗ್ಗರಣೆ ಬಿಟ್ಟವರಿದ್ದಾರಾ?

ಮಾಡುವವರು ಮುಂದೆ ಬಂದರೆ ಮೂರು ಮಾತು ಕೇಳಿಕೊಳ್ಳುತ್ತೇನೆ. ಶಾಸಕನಿಗೆ ಜವಾರಿ ಭಾಷೆ ಕೊಡಿ, ಆದರೆ ನಗಿಸುವುದಕ್ಕೆ ಅಂತ ಕೊಡಬೇಡಿ. ಉತ್ತರ ಕರ್ನಾಟಕದ ಮಾತು ಅಂದರೆ ಕಾಮಿಡಿ ಅನ್ನುವ ಚಟ ಸಾಕು. ಅವನ ಹೆಂಡತಿಗೂ ಕೆಲಸ ಕೊಡಿ. ಸಾಹೇಬರು ಬೆಂಗಳೂರಲ್ಲಿದ್ದಾಗ ಕಟ್ಟೆ ತುಂಬಿದವರಿಗೆಲ್ಲ ಚಹಾ ಕೊಟ್ಟು, ಅರ್ಧ ಅರ್ಜಿಗೆ ದಾರಿ ಹೇಳಿ ಕಳಿಸುತ್ತಿದ್ದದ್ದು ನಮ್ಮ ಅಕ್ಕಾವರು. ಮೂರನೆಯದು, ಅಧಿವೇಶನದ ದೃಶ್ಯಕ್ಕೆ ಸುವರ್ಣಸೌಧದ ಗುಮ್ಮಟ ಒಂದನ್ನೇ ತೋರಿಸಿ ಕೈತೊಳೆದುಕೊಳ್ಳಬೇಡಿ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿಯವರೇ ಬಂದು ಉದ್ಘಾಟಿಸಿದ ಕಟ್ಟಡ ಅದು. ವರ್ಷದಲ್ಲಿ ಬಹುಪಾಲು ದಿನ ಸದ್ದಿಲ್ಲದೆ ನಿಂತಿರುತ್ತದೆ. ಡಿಸೆಂಬರ್ ಥಂಡಿಯಲ್ಲಿ ಅದರ ಹೊರಗೆ ಟೆಂಟ್ ಹಾಕಿ ಧರಣಿ ಕೂರುವ ಜನ, ಒಳಗೆ ಹೋಗಲು ಪಾಸಿಗಾಗಿ ಕಾಯುವ ನಮ್ಮಂಥ ಪಿ.ಎ.ಗಳು, ಲಾಡ್ಜ್ ಸಿಗದೆ ಕಾರಿನಲ್ಲೇ ಮಲಗುವ ಡ್ರೈವರ್‌ಗಳು, ಇವರನ್ನೂ ಕ್ಯಾಮೆರಾ ನೋಡಲಿ.

ನನ್ನ ಹತ್ತಿರ ಹಳೆಯ ಡೈರಿಗಳಿವೆ, ಹೆಸರುಗಳನ್ನು ಅಳಿಸಿ ಕೊಡುತ್ತೇನೆ. ಶಿಫಾರಸು ಪತ್ರದ ಒಕ್ಕಣೆ, ಪ್ರಶ್ನೆ ಬರೆಯುವ ಕ್ರಮ, ಯಾವ ಅರ್ಜಿ ಯಾವ ಟೇಬಲ್‌ಗೆ ಹೋಗುತ್ತದೆ ಅನ್ನುವುದನ್ನು ಕೂತು ಹೇಳಿಕೊಡುತ್ತೇನೆ. ದುಡ್ಡು ಬೇಡ. ಬರೆಯುವವರು ನಿಮ್ಮ ಕಚೇರಿಯಲ್ಲಿ ನನ್ನ ನಂಬರ್ ಪಡೆಯಬಹುದು. ಬೆಳಿಗ್ಗೆ ಏಳರ ನಂತರ ಫೋನ್ ಮಾಡಲು ಹೇಳಿ.

— ನಿವೃತ್ತ ಆಪ್ತ ಸಹಾಯಕ, ನವನಗರ, ಬಾಗಲಕೋಟೆ
(ಹೆಸರು ಪ್ರಕಟಿಸುವುದು ಬೇಡ)